ನಾಲ್ಕು ತೂತಿನ ಬ್ಯೂಕ್

"ಕಾರು ಮಾರಬೇಕಾಗಿದೆ. ನೀನು ಬಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡಬೇಕು ಕಣೋ" ಎಂದು ಕಡೂರಿನಿಂದ ನನ್ನ ಅತ್ತೆ ಫೋನು ಮಾಡಿದಾಗ ನನಗೆ ಮೊದಲು ನೆನಪಾದುದು ಕಾರಲ್ಲ, ಆರ್ ಎಂಬ ಒಂದು ಇಂಗ್ಲಿಷ್ ಅಕ್ಷರ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ. ಐವತ್ತೇಳು ವರ್ಷ ಹೇಳದೆ ಇದ್ದವನು ಇನ್ನು ನಾಲ್ಕು ನಿಮಿಷ ತಡಮಾಡಿದರೆ ಓದುಗರು ಬೇಸರಿಸಲಾರರು.

ಮಾವನ ಕಾರು 1949ನೆಯ ಇಸವಿಯ ಬ್ಯೂಕ್ ರೋಡ್‌ಮಾಸ್ಟರ್. ಅಮೆರಿಕದ ಫ್ಲಿಂಟ್ ಎಂಬ ಊರು ಬ್ಯೂಕ್ ಕಂಪನಿಯ ತೌರು. ಇದರ ಹೆಸರಿಗೆ ರಿವಿಯೆರಾ ಎಂಬ ಬಾಲವೂ ಇತ್ತು. ಎರಡೇ ಬಾಗಿಲು, ಕಿಟಕಿಯ ಗಾಜುಗಳನ್ನಿಳಿಸಿದರೆ ನಡುವೆ ಕಂಬವೇ ಇಲ್ಲ, ಪಕ್ಕವೆಲ್ಲ ಮದುವೆಯ ಚಪ್ಪರದಂತೆ ಬಯಲು. ಈ ಮಾದರಿ ಹೊರಬಂದದ್ದೇ ಆ ವರ್ಷ. ಆ ವರ್ಷ ತಯಾರಾದವು ನಾಲ್ಕು ಸಾವಿರದ ಚಿಲ್ಲರೆ ಮಾತ್ರ. ಎಂಟು ಸಿಲಿಂಡರುಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಒಂದೇ ಸಾಲಿನಲ್ಲಿವೆ. ಮೂತಿ ಅಷ್ಟುದ್ದ ಇರುವುದು ಅದಕ್ಕೇ. ಐದು ಲೀಟರಿಗೂ ಮಿಕ್ಕ ಎಂಜಿನು, 150 ಕುದುರೆಗಳ ಬಲ. ಮೂತಿಯ ಎರಡು ಪಕ್ಕದಲ್ಲೂ ನಾಲ್ಕು ನಾಲ್ಕು ದುಂಡು ತೂತುಗಳು. ಆ ಸಾಲಿನ ಬ್ಯೂಕುಗಳಲ್ಲಿ ಕಡಿಮೆ ದರ್ಜೆಯವಕ್ಕೆ ಮೂರು ತೂತು, ರೋಡ್‌ಮಾಸ್ಟರಿಗೆ ನಾಲ್ಕು. ಕಡೂರಿನ ಪೇಟೆಯ ಹುಡುಗರಿಗೆ ಇದಾವುದೂ ತಿಳಿಯದಿದ್ದರೂ ಅವರು ಇಟ್ಟಿದ್ದ ಹೆಸರು 'ನಾಲ್ಕು ತೂತಿನ ಕಾರು' ಎಂದೇ. ಫ್ಲಿಂಟಿನವರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಇಂಥದು ಕಡೂರಿಗೇಕೆ ಬಂತು? ಮುಂಬಯಿಯಲ್ಲಿದ್ದ ವಿದೇಶೀ ಅಧಿಕಾರಿಯೊಬ್ಬ ಊರು ಬಿಡುವಾಗ ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಯಜಮಾನರೊಬ್ಬರಿಗೆ ಮಾರಿದ್ದ. ಅವರಿಗೆ ಅದರ ಪೆಟ್ರೋಲಿನ ಹಸಿವು ಸಾಕೆನಿಸಿತು. 1963ರಲ್ಲಿ ಮಾವ ಕೊಂಡರು. ಆಗ ಹೊಸ ಫಿಯೆಟ್ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಳೆಯ ಆನೆಯನ್ನು ಮಾತ್ರ ಇಂದೇ ಮನೆಗೆ ಹೊಡೆದುಕೊಂಡು ಹೋಗಬಹುದಾಗಿತ್ತು. ತೆಂಗಿನ ತೋಟದಲ್ಲಿ ನಾಲ್ಕು ಕಾಸು ಕಂಡಿದ್ದ ಕಾಲ. ಸಾಕುವ ಮಾತನ್ನು ಮಾವ ಆಮೇಲೆ ಯೋಚಿಸಿದರು.

ವಿದೇಶಿಯ ಕಾರಾದ್ದರಿಂದ ಚಕ್ರ ಎಡಗಡೆಗೆ. ಮಾವ ಎಡಗಡೆ ಕುಳಿತು ಓಡಿಸುವರು. ಅತ್ತೆ ಬಲಗಡೆ, ನಮ್ಮ ದೇಶದಲ್ಲಿ ಡ್ರೈವರು ಕೂಡುವ ಜಾಗದಲ್ಲಿ, ಕೈಕಟ್ಟಿ ಕೂಡುವರು. ಸಂತೆಯ ದಿನ ಹಳ್ಳಿಯಿಂದ ಬಂದವರು ಇದನ್ನು ಕಂಡು, ಹೆಂಗಸೊಬ್ಬಳು ಚಕ್ರವನ್ನು ಮುಟ್ಟದೆಯೇ ಕಾರು ಓಡಿಸುತ್ತಾಳೆಂದು ಬೆರಗಾಗುತ್ತಿದ್ದರಂತೆ. ಮಾವ ಇದನ್ನು ಹೇಳಿಕೊಂಡು ನಗುತ್ತಿದ್ದರು. ಅತ್ತೆ ನಕ್ಕದ್ದನ್ನು ನಾನು ನೋಡಿಲ್ಲ.

1968ರ ಬೇಸಗೆ ರಜದಲ್ಲಿ ನಾನು ಅಲ್ಲಿದ್ದೆ. ಹತ್ತು ವರ್ಷದ ಹುಡುಗ. ಇಂಗ್ಲಿಷ್ ಅಕ್ಷರಗಳನ್ನು ಆಗತಾನೆ ಕಲಿತ ಗರ್ವ. ಒಂದು ರಾತ್ರಿ ಮಾವನಿಗೆ ತಡೆಯಲಾರದ ಹೊಟ್ಟೆನೋವು ಬಂತು. ಊರಿನ ಡಾಕ್ಟರು ಬಂದು ನೋಡಿ, ನೋವು ತಗ್ಗಲೆಂದು ಚುಚ್ಚುಮದ್ದು ಕೊಟ್ಟು, "ಇದು ಅಪೆಂಡಿಕ್ಸು, ಬೆಳಗಾಗುವುದರೊಳಗೆ ಚಿಕ್ಕಮಗಳೂರು ಸೇರಿಸಿ" ಎಂದರು. ಇಂದಾದರೆ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲಿದೆ. ಆದರೆ ಆ ಹಾದಿ ತೆರೆದದ್ದು 2013ರಲ್ಲಿ. ಬಸ್ಸು ಬೆಳಿಗ್ಗೆಗೆ. ಬಾಡಿಗೆಗೆ ಕಾರು ಓಡಿಸುತ್ತಿದ್ದ ಒಬ್ಬನೇ ಒಬ್ಬ ಜಾತ್ರೆಗೆ ಹೋಗಿದ್ದ. ಅತ್ತೆ ಒಂದು ಗಳಿಗೆ ಅಂಗಳದಲ್ಲಿ ನಿಂತಿದ್ದು, ಒಳಗೆ ಹೋಗಿ ಬೀಗದಕೈ ತಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಆಳುಗಳು ಮಾವನನ್ನೆತ್ತಿ ಬಲಗಡೆಯ ಸೀಟಿನಲ್ಲಿ ಒರಗಿಸಿದರು. ಎಡಗಡೆ ಅತ್ತೆ. ನಡುವೆ ಟಾರ್ಚು ಹಿಡಿದು ನಾನು. ಬೇರೆ ಯಾವ ಕಾರಾಗಿದ್ದರೂ ಆ ರಾತ್ರಿ ಅಂಗಳ ದಾಟುತ್ತಿರಲಿಲ್ಲ. ಈ ಕಾರಿನಲ್ಲಿ ಡೈನಾಫ್ಲೋ ಎಂಬ ಏರ್ಪಾಡಿದೆ. ಎಂಜಿನಿನ ಬಲ ಎಣ್ಣೆಯ ಮೂಲಕ ಚಕ್ರಕ್ಕೆ ಹೋಗುವುದರಿಂದ ಕ್ಲಚ್ಚು ತುಳಿದು ಗೇರು ಬದಲಾಯಿಸುವ ವಿದ್ಯೆ ಬೇಕಿಲ್ಲ. ತುಳಿದರೆ ಓಡುತ್ತದೆ, ಇನ್ನೊಂದನ್ನು ತುಳಿದರೆ ನಿಲ್ಲುತ್ತದೆ. ಕೀಲಿ ತಿರುಗಿಸಿ ಪೆಟ್ರೋಲಿನ ಪೆಡಲನ್ನು ಒತ್ತಿದರೆ ಎಂಜಿನು ತಾನೇ ಏಳುತ್ತದೆ. ಐದು ವರ್ಷ ಪಕ್ಕದಲ್ಲಿ ಕೈಕಟ್ಟಿ ಕುಳಿತವರ ಕಣ್ಣು ಕಟ್ಟಿರಲಿಲ್ಲವಲ್ಲ! ಎಂಜಿನೆದ್ದಿತು.

"ಆ ಅಕ್ಷರಗಳನ್ನು ಓದೋ" ಎಂದರು. ಚಕ್ರದ ಕೆಳಗಿನ ಕಡ್ಡಿಗೆ ಐದು ಅಕ್ಷರ: ಪಿ, ಎನ್, ಡಿ, ಎಲ್, ಆರ್. ನಾನು ಟಾರ್ಚು ಬಿಟ್ಟು ಪಂಡಿತನಂತೆ ಅರ್ಥ ಹೇಳಿದೆ. ಡಿ ಎಂದರೆ ಡ್ರೈವ್, ಅದು ಸರಿಹೋಯಿತು. ಕಾರು ಗೇಟಿನವರೆಗೆ ತೆವಳಿ ನಿಂತಿತು. ಅಲ್ಲಿಂದ ರಸ್ತೆಗೆ ಬಲಕ್ಕೆ ತಿರುಗಬೇಕು. "ಎಲ್ ಅಂದರೆ ಲೆಫ್ಟು, ಆರ್ ಅಂದರೆ ರೈಟು. ಆರ್ ಹಾಕಿ ಅತ್ತೆ" ಎಂದೆ. ಆರ್ ಹಾಕಿ ತುಳಿದರು. ಸುಮಾರು 2000 ಕಿಲೋ ತೂಕದ ಗಾಡಿ ಹಿಂದಕ್ಕೆ ನುಗ್ಗಿ, ದನಗಳ ಕಲ್ಲುಬಾನಿಗೆ ಎಡಗಡೆಯ ಹಿಂಭಾಗವನ್ನು ಹೊಡೆದು ನಿಂತಿತು.

ಮಂಪರಿನಲ್ಲಿದ್ದ ಮಾವ "ಏನದು?" ಎಂದರು.

"ನನ್ನ ಕೈ ತಪ್ಪಿತು" ಎಂದರು ಅತ್ತೆ. ನನ್ನ ಕಡೆ ನೋಡಲೂ ಇಲ್ಲ. ಕಡ್ಡಿಯನ್ನು ಡಿಗೆ ತಂದು, ಚಕ್ರವನ್ನು ಬಲಕ್ಕೆ ತಿರುಗಿಸಿದರು. ಆಮೇಲೆ ಚಿಕ್ಕಮಗಳೂರಿನವರೆಗೂ ಆ ಕಡ್ಡಿಯನ್ನು ಯಾರೂ ಮುಟ್ಟಲಿಲ್ಲ. ಸಖರಾಯಪಟ್ಟಣದ ಬಳಿ ಎತ್ತಿನ ಗಾಡಿಗಳ ಸಾಲೊಂದು ಎದುರಾದಾಗ ಅತ್ತೆ ಕಾರನ್ನು ನಿಲ್ಲಿಸಿ, ಕೊನೆಯ ಗಾಡಿ ಹೋಗುವವರೆಗೂ ಕಾದರು. ಅವರ ಕೈ ನಡುಗುತ್ತಿದ್ದುದನ್ನು ನಾನು ಕಂಡದ್ದು ಅಲ್ಲೊಂದೇ ಸಲ.

ಮಾವ ಉಳಿದರು. ಮನೆಗೆ ಬಂದು ಕಾರಿನ ತಗ್ಗನ್ನು ಸವರಿ, "ಇನ್ನು ನೀನು ಇದನ್ನು ಮುಟ್ಟಬೇಡ" ಎಂದರು. ಅತ್ತೆ ಮತ್ತೆ ಬಲಗಡೆಯ ಸೀಟಿಗೆ ಹೋದರು. ಮಾವ ತೀರಿಹೋಗುವವರೆಗೂ ಅಲ್ಲೇ ಕುಳಿತರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮಾವ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರೋ ಏನೋ.

ಈಗ ಮಾರುವುದಕ್ಕೆ ಕಾರಣ ಕಡೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬಾಬಾಬುಡನ್ ಗಿರಿಗಳು ಮಳೆಯನ್ನು ಆಚೆಯೇ ತಡೆದುಕೊಳ್ಳುತ್ತವೆ. ಬರದ ವರ್ಷಗಳಲ್ಲಿ ತೆಂಗುಗಳ ಸುಳಿ ಬಾಗಿ ಬಿದ್ದವು. ಮೂರು ಕೊಳವೆಬಾವಿಗಳಿಗೆ ತೆಗೆದ ಸಾಲ ಉಳಿಯಿತು, ನೀರು ಉಳಿಯಲಿಲ್ಲ. ಮಗ ಬೆಂಗಳೂರಿಗೆ ಬಾ ಎನ್ನುತ್ತಾನೆ. ಅವನ ಮನೆಯ ಕೆಳಗೆ ಕಾರಿಗೆ ಬಿಟ್ಟಿರುವ ಜಾಗ 16 ಅಡಿ. ಬ್ಯೂಕ್ ಸುಮಾರು 18 ಅಡಿ.

ಜಾಹೀರಾತು ಬರೆದೆ. ಮೊದಲಿನ ಎಂಜಿನು, ಮೊದಲಿನ ಆರು ವೋಲ್ಟಿನ ವಿದ್ಯುತ್ ಏರ್ಪಾಡು, ಹಳೆಯ ಮೈಸೂರು ರಾಜ್ಯದ ನಂಬರು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ನಿಯಮದಂತೆ ಆ ನಂಬರನ್ನೇ ಉಳಿಸಿಕೊಳ್ಳಬಹುದು; ಆದರೆ ಪ್ರದರ್ಶನ, ರ್‍ಯಾಲಿಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥನಾಲ್ ಬೇರೆ. ಹಳೆಯ ರಬ್ಬರಿನ ನಳಿಗೆಗಳಿಗೆ ಅದು ಒಗ್ಗದು. ದೋಷಗಳು ಎಂಬಲ್ಲಿ, 'ಹಿಂದೆ ಎಡಗಡೆ ಒಂದು ತಗ್ಗು' ಎಂದು ಬರೆದು ಪೆನ್ನನ್ನು ಮುಚ್ಚಿದೆ.

ಕೊಳ್ಳಲು ಬಂದವರು ಬೆಂಗಳೂರಿನ ಒಬ್ಬ ತರುಣ, ಜೊತೆಗೊಬ್ಬ ಮೆಕ್ಯಾನಿಕ್ಕು. ಬೆಲೆಯನ್ನು ಇಲ್ಲಿ ಬರೆಯುವುದು ಬೇಡ. ಸಾಲ ತೀರಿ ಅಷ್ಟಿಷ್ಟು ಮಿಗುತ್ತದೆ. ಮೆಕ್ಯಾನಿಕ್ಕು ಸ್ಟಾರ್ಟರಿನ ಗುಂಡಿಗಾಗಿ ಹಲಗೆಯನ್ನೆಲ್ಲ ತಡಕಿದ. ತರುಣ ಹಿಂದೆ ಬಗ್ಗಿ, "ಈ ತಗ್ಗೊಂದನ್ನು ತಟ್ಟಿಸಿಬಿಟ್ಟರೆ ಹೊಸದರ ಹಾಗಾಗುತ್ತದೆ. ಯಾವ ಡ್ರೈವರು ಮಾಡಿದ್ದು?" ಎಂದ.

"ಅದು ನನ್ನಿಂದಾದದ್ದು" ಎಂದೆ. ಅತ್ತೆಯ ಮಗ ನನ್ನ ಮುಖ ನೋಡಿದ. ಆರ್ ಅಕ್ಷರದ ಕತೆಯನ್ನೆಲ್ಲ ಅಲ್ಲೇ ಹೇಳಿಬಿಟ್ಟೆ.

"ನಿನ್ನಿಂದ ಏನೋ ಆದದ್ದು?" ಎಂದರು ಅತ್ತೆ, ಸಿಟ್ಟಿನಿಂದಲೇ. "ನೀನು ಓದಿದೆ ಅಷ್ಟೆ. ಓಡಿಸಿದವಳು ನಾನು."

ಹೀಗೆಂದವರು ಕೋಲನ್ನು ನನ್ನ ಕೈಗೆ ಕೊಟ್ಟು, ಎಡಗಡೆಯ ಬಾಗಿಲು ತೆಗೆದು ಕುಳಿತರು. ಮೆಕ್ಯಾನಿಕ್ಕು ಪಕ್ಕಕ್ಕೆ ಸರಿದ. ಕೀಲಿ ತಿರುಗಿಸಿ ಪೆಡಲನ್ನೊತ್ತಿದರು. ಎರಡು ಸಲ ಕೆಮ್ಮಿ ಎಂಟು ಸಿಲಿಂಡರುಗಳೂ ಎದ್ದವು. ಕಾರನ್ನೊಯ್ಯುವ ಲಾರಿ ಹೊರಗೆ ರಸ್ತೆಯ ಬಲಗಡೆ ನಿಂತಿತ್ತು. ಮಗ ಬೇಡವೆಂದು ಕೂಗುತ್ತಿದ್ದಂತೆಯೇ ಬ್ಯೂಕ್ ಒಣಗಿದ ತೆಂಗುಗಳ ನಡುವೆ ಮೆಲ್ಲಗೆ ಸಾಗಿ ಗೇಟಿನ ಬಳಿ ನಿಂತಿತು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕರೆದರು.

"ಏನೋ, ಆರ್ ಹಾಕಲೇನೋ?"