ನೆಕ್ಕರ್ ನದಿಯ ದಂಡೆಯಲ್ಲಿ ಆರು ತಿಂಗಳು

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬ ಗಾದೆಯನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಆಗ ನನ್ನ ಪಾಲಿಗೆ ದೇಶವೆಂದರೆ ಒಂದು ಕಡೆ ಚಾಮರಾಜನಗರ. ಇನ್ನೊಂದು ಕಡೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ಸಿಗುವ ಸತ್ಯಮಂಗಲ. ಅಂಥವನು 2023ರ ಸೆಪ್ಟೆಂಬರಿನಿಂದ 2024ರ ಫೆಬ್ರವರಿಯವರೆಗೆ ಜರ್ಮನಿಯ ಎಸ್ಲಿಂಗನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸದ ತರಬೇತಿ ಪಡೆದು ಬಂದೆನು. ಅದರ ಬಗ್ಗೆ ಶಾಲೆಯ ಸಂಚಿಕೆಗೆ ಬರೆಯಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಅಲ್ಲಿನ ಕೋಟೆ ಕೊತ್ತಲಗಳ ವರ್ಣನೆ ಬೇರೆ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಕಿರಿಯ ಸೋದರ ಸೋದರಿಯರಿಗೆ ಉಪಯೋಗವಾಗುವಂಥದನ್ನು ಮಾತ್ರ ಬರೆಯುತ್ತೇನೆ.

ನಾನು ಓದುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನಿಂದ ಪ್ರತಿವರ್ಷ ಕೆಲವರನ್ನು ಹೊರದೇಶದ ತರಬೇತಿಗೆ ಆರಿಸುತ್ತಾರೆ. ಆರು ತಿಂಗಳು ಕಾರ್ಖಾನೆಯಲ್ಲಿ ದುಡಿದು, ಕೊನೆಯಲ್ಲಿ ವರದಿ ಒಪ್ಪಿಸಿ, ಮೇಲ್ವಿಚಾರಕರ ಮುಂದೆ ಅದನ್ನು ವಿವರಿಸಬೇಕು. ವರದಿ ಒಪ್ಪಿಗೆಯಾಗದಿದ್ದರೆ ಆ ಅರ್ಧವರ್ಷ ಲೆಕ್ಕಕ್ಕಿಲ್ಲ. ಪ್ರಯಾಣದ ಖರ್ಚಿಗೆ ಅಪ್ಪ ಸಾಲ ಮಾಡಿದ್ದರು. ಆ ವರ್ಷ ನಮ್ಮ ಆಲೂಗಡ್ಡೆ ಹೊಲಕ್ಕೆ ಆನೆಗಳು ಎರಡು ಸಲ ನುಗ್ಗಿದ್ದವು. ‘ಕನ್ನಡ ಮೀಡಿಯಂ ಹುಡುಗ, ಇಂಗ್ಲಿಷೇ ತಡವರಿಸುತ್ತಾನೆ, ಜರ್ಮನಿಯಲ್ಲಿ ಏನು ಮಾಡುತ್ತಾನೆ?’ ಎಂದು ನೆಂಟರೊಬ್ಬರು ಅಪ್ಪನ ಎದುರಿಗೇ ಹೇಳಿದರು. ಅಪ್ಪ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ನಾನು ಪೆಟ್ಟಿಗೆಯ ಜೊತೆಗೇ ಹೊತ್ತುಕೊಂಡು ಹೋದೆನು. ತಾಳವಾಡಿಯಿಂದ ಚಾಮರಾಜನಗರ, ಮೈಸೂರು, ಬೆಂಗಳೂರು. ಅಲ್ಲಿಂದ ವಿಮಾನದಲ್ಲಿ ಫ್ರಾಂಕ್‌ಫರ್ಟ್. ಮುಂದೆ ರೈಲಿನಲ್ಲಿ ಸ್ಟುಟ್‌ಗಾರ್ಟ್.

ಎಸ್ಲಿಂಗನ್, ಸ್ಟುಟ್‌ಗಾರ್ಟ್ ನಗರದ ಪಕ್ಕದಲ್ಲಿ ನೆಕ್ಕರ್ ನದಿಯ ದಂಡೆಯ ಮೇಲಿದೆ. ಮರದ ತೊಲೆಗಳ ಚೌಕಟ್ಟಿಗೆ ಮಣ್ಣು, ಕಲ್ಲು ತುಂಬಿ ಕಟ್ಟಿದ ನೂರಾರು ವರ್ಷದ ಮನೆಗಳಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ. ಊರಿನ ಹಿಂದಿನ ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಹೀಗೆ ಹಳೆಯದಾಗಿ ಕಂಡರೂ ಅದು ಯಂತ್ರಗಳ ನಾಡು. ರೈಲು ಇಂಜಿನುಗಳನ್ನು ತಯಾರಿಸುವ ಕಾರ್ಖಾನೆ ಅಲ್ಲಿ 1846ರಲ್ಲಿಯೇ ಆರಂಭವಾಗಿತ್ತು. ನಮ್ಮ ಹಿರಿಯರ ಬಾಯಲ್ಲಿ ‘ಮೈಕೋ ಫ್ಯಾಕ್ಟರಿ’ ಎಂದೇ ಉಳಿದಿರುವ ಬೆಂಗಳೂರಿನ ಕಾರ್ಖಾನೆಯ ಮೂಲ ಸಂಸ್ಥೆಯಾದ ಬಾಷ್, 1886ರಲ್ಲಿ ಒಂದು ಸಣ್ಣ ಕಾರ್ಯಾಗಾರವಾಗಿ ಹುಟ್ಟಿದ್ದು ಅದೇ ಸ್ಟುಟ್‌ಗಾರ್ಟಿನಲ್ಲಿ.

ನನ್ನನ್ನು ಹಲ್ಲುಚಕ್ರಗಳನ್ನು ತಯಾರಿಸುವ ವಿಭಾಗಕ್ಕೆ ಹಾಕಿದರು. ಕಚೇರಿಯಲ್ಲಿದ್ದವರು ಇಂಗ್ಲಿಷ್ ಬಲ್ಲವರು. ಯಂತ್ರದ ಮುಂದೆ ನಿಲ್ಲುವ ಹಿರಿಯ ಕೆಲಸಗಾರರಿಗೆ ಅದು ಅಷ್ಟಕ್ಕಷ್ಟೇ. ನಾನು ಕಾಲೇಜಿನಲ್ಲಿ ಸಂಜೆ ತರಗತಿಗೆ ಹೋಗಿ ಕಲಿತಿದ್ದ ಜರ್ಮನ್ ಭಾಷೆಯೂ ಮೊದಲ ವಾರ ನೆರವಿಗೆ ಬರಲಿಲ್ಲ. ಕಾರಣ, ಅವರಾಡುವುದು ‘ಶ್ವಾಬಿಷ್’ ಎಂಬ ಪ್ರಾಂತ್ಯದ ನುಡಿ. ಬೆಳಿಗ್ಗೆ ‘ಗ್ರೂಸ್ ಗಾಟ್’ ಎಂದು ದೇವರ ಹೆಸರಿನಲ್ಲಿ ವಂದಿಸುತ್ತಾರೆ. ಮನೆಗೂ ಮರಕ್ಕೂ ಕೊನೆಯಲ್ಲಿ ಒಂದು ‘ಲೆ’ ಸೇರಿಸಿ ಮುದ್ದಾಗಿ ಕರೆಯುತ್ತಾರೆ. ಪುಸ್ತಕದ ಕನ್ನಡವನ್ನು ಮಾತ್ರ ಕಲಿತ ಪರದೇಶಿಯೊಬ್ಬ ತಾಳವಾಡಿ ಸಂತೆಗೆ ಬಂದರೆ ಅವನ ಪಾಡು ಏನಾಗುತ್ತದೋ, ನನ್ನದೂ ಅದೇ ಆಯಿತು. ನನ್ನ ಜೊತೆಗೆ ಬೇರೆ ದೇಶದಿಂದ ಬಂದಿದ್ದ, ಸರಾಗವಾಗಿ ಇಂಗ್ಲಿಷ್ ಮಾತನಾಡುವ ಹುಡುಗರೂ ನನ್ನಂತೆಯೇ ಮೂಕರಾಗಿ ನಿಂತಿದ್ದರು. ಅದನ್ನು ಕಂಡು ನನಗೆ ಧೈರ್ಯ ಬಂದಿತು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರರ ನಡುವೆ ಬೆಳೆದ ನಮಗೆ ನಾಲ್ಕನೆಯದನ್ನು ಕಿವಿಯಿಂದ ಹಿಡಿಯುವ ಅಭ್ಯಾಸ ಇದ್ದೇ ಇರುತ್ತದೆ. ಎರಡು ತಿಂಗಳಲ್ಲಿ ಕೆಲಸದ ಮಾತು ತಿಳಿಯತೊಡಗಿತು.

ಅಲ್ಲಿನ ಕೆಲಸ ಕಲಿಸುವ ಪದ್ಧತಿಯನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು. ಶಾಲೆ ಮುಗಿಸಿದ ಹದಿನಾರು, ಹದಿನೇಳರ ಹುಡುಗ ಹುಡುಗಿಯರು ಕಾರ್ಖಾನೆಯೊಡನೆ ಕರಾರು ಮಾಡಿಕೊಂಡು ಸುಮಾರು ಮೂರು ಅಥವಾ ಮೂರೂವರೆ ವರ್ಷ ತರಬೇತಿ ಪಡೆಯುತ್ತಾರೆ. ವಾರದ ಕೆಲವು ದಿನ ಕಾರ್ಖಾನೆ, ಕೆಲವು ದಿನ ವೃತ್ತಿಶಾಲೆ. ಕಲಿಯುವಾಗಲೇ ತಿಂಗಳ ಭತ್ಯೆಯೂ ಇದೆ. ಮೊದಮೊದಲು ಕೈಗೆ ಕೊಡುವುದು ದೊಡ್ಡ ಯಂತ್ರವನ್ನಲ್ಲ, ಒಂದು ಅರವನ್ನು ಮತ್ತು ಒಂದು ಉಕ್ಕಿನ ತುಂಡನ್ನು. ಅದನ್ನು ಉಜ್ಜಿ ಉಜ್ಜಿ ಸಮತಟ್ಟು ಮಾಡಬೇಕು. ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜಬೇಕು. ಇಂಜಿನಿಯರಿಂಗ್ ಓದುತ್ತಿದ್ದ ನಾನು ಅಷ್ಟು ಚೊಕ್ಕಟವಾಗಿ ಅರ ಹಿಡಿದವನಲ್ಲ. ನನಗಿಂತ ನಾಲ್ಕು ವರ್ಷ ಚಿಕ್ಕ ಹುಡುಗಿಯೊಬ್ಬಳು ಕಾಲುಗಳನ್ನು ಎಲ್ಲಿ ಊರಬೇಕು, ಭಾರವನ್ನು ಹೇಗೆ ಬಿಡಬೇಕು ಎಂದು ತೋರಿಸಿಕೊಟ್ಟಳು. ಕೈಕೆಲಸ ಮಾಡುವವರನ್ನು ಅಲ್ಲಿ ಯಾರೂ ‘ಓದದವರು’ ಎಂದು ಹಗುರವಾಗಿ ಕಾಣುವುದಿಲ್ಲ. ಅನುಭವ ಪಡೆದು ಪರೀಕ್ಷೆ ಮುಗಿಸಿದವರಿಗೆ ‘ಮೈಸ್ಟರ್’ ಎಂಬ ಪದವಿ ಸಿಗುತ್ತದೆ. ಅವರ ಮಾತಿಗೆ ಇಂಜಿನಿಯರರೂ ಬೆಲೆ ಕೊಡುತ್ತಾರೆ.

ನನ್ನ ಕೆಲಸ ಇಷ್ಟು: ಹಲ್ಲುಚಕ್ರಗಳನ್ನು ಗಟ್ಟಿಗೊಳಿಸಿದ ಮೇಲೆ ಅವುಗಳ ಅಳತೆ ಎಷ್ಟು ಬದಲಾಗುತ್ತದೆಂದು ಅಳೆದು ಬರೆದಿಡುವುದು. ಇಂಗಾಲ ಕಡಿಮೆಯಿರುವ ಉಕ್ಕನ್ನು 900 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಕಾಯಿಸಿ, ಇಂಗಾಲವುಳ್ಳ ಅನಿಲದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಉಕ್ಕಿನ ಮೇಲ್ಪದರವು ಇಂಗಾಲವನ್ನು ಹೀರಿಕೊಳ್ಳುತ್ತದೆ. ಬಳಿಕ ಎಣ್ಣೆಯಲ್ಲಿ ಅದ್ದಿ ತಟ್ಟನೆ ತಣಿಸಿದರೆ ಹೊರಮೈ ಬಹಳ ಗಟ್ಟಿಯಾಗುತ್ತದೆ, ಒಳಗಿನ ತಿರುಳು ಪೆಟ್ಟು ತಾಳುವಷ್ಟು ಮೆತುವಾಗಿ ಉಳಿಯುತ್ತದೆ. ಆದರೆ ಕಾಯುವಾಗಲೂ ತಣಿಯುವಾಗಲೂ ಉಕ್ಕು ಕೊಂಚ ಸೊಟ್ಟಗಾಗುತ್ತದೆ. ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು ಹೆಚ್ಚು ಕಡಿಮೆಯಾದರೂ ಚಕ್ರ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ನಮ್ಮೂರ ಕುಲುಮೆಯಲ್ಲಿ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವುದನ್ನು ಕಂಡಿದ್ದ ನನಗೆ ಇದರ ಮೂಲ ತತ್ತ್ವ ಹೊಸದಾಗಿರಲಿಲ್ಲ.

ಇಲ್ಲಿಯೇ ಒಂದು ಸಂಗತಿ ನಡೆಯಿತು. ಮೈಸ್ಟರ್ ಕುಲುಮೆಯ ಮುಂದೆ ನಿಂತು ‘ಕೋಲೆನ್‌ಶ್ಟೋಫ್’ ಎಂದರು. ಕೋಲೆ ಎಂದರೆ ಇದ್ದಿಲು, ಶ್ಟೋಫ್ ಎಂದರೆ ವಸ್ತು. ಇದ್ದಿಲಿನ ವಸ್ತು ಎಂದರೆ ನಮ್ಮ ‘ಇಂಗಾಲ’ವೇ ಅಲ್ಲವೇ! ಆಗ ಬೇರೆ ಹೆಸರುಗಳನ್ನೂ ಕೇಳಿದೆನು. ಹೈಡ್ರೋಜನ್ನಿಗೆ ‘ವಾಸರ್‌ಶ್ಟೋಫ್’, ಅಂದರೆ ನೀರಿನ ವಸ್ತು, ನಮ್ಮ ಜಲಜನಕ. ಆಕ್ಸಿಜನ್ನಿಗೆ ‘ಸೌವರ್‌ಶ್ಟೋಫ್’, ಅಂದರೆ ಹುಳಿಯ ವಸ್ತು; ನಮ್ಮ ಆಮ್ಲಜನಕ. ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಗುರುಗಳು ಕಪ್ಪುಹಲಗೆಯ ಮೇಲೆ ಬರೆದ ಶಬ್ದಗಳು ಅವು. ಕಾಲೇಜಿಗೆ ಸೇರಿದ ಮೇಲೆ ಅವನ್ನು ಬಾಯಿಬಿಟ್ಟು ಹೇಳಲು ನಾಚಿಕೆಪಟ್ಟ ಗೆಳೆಯರನ್ನು ಕಂಡಿದ್ದೇನೆ. ಇಷ್ಟು ದೊಡ್ಡ ಯಂತ್ರಗಳನ್ನು ಕಟ್ಟಿದ ಜನ ತಮ್ಮ ರಸಾಯನಶಾಸ್ತ್ರವನ್ನು ಮನೆಮಾತಿನ ನೀರು, ಹುಳಿ, ಇದ್ದಿಲಿನಿಂದಲೇ ಕಟ್ಟಿಕೊಂಡಿದ್ದಾರೆ. ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಜರ್ಮನ್, ಎದುರು ಸಾಲಿನಲ್ಲಿ ಕನ್ನಡ ಶಬ್ದಗಳನ್ನು ಬರೆಯಲು ಆರಂಭಿಸಿದೆನು. ಇಂಗ್ಲಿಷಿನ ಮೂಲಕ ಸುತ್ತಿ ಬರುವುದಕ್ಕಿಂತ ಅದು ಹತ್ತಿರದ ದಾರಿಯಾಯಿತು.

ನಾವು ಎಲ್ಲಿಯವರು ಎಂಬ ಪ್ರಶ್ನೆ ತಾಳವಾಡಿಯ ಮಕ್ಕಳನ್ನು ಬಿಡುವುದಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ನಮ್ಮಲ್ಲಿಯೇ ಇದ್ದರೂ, ಘಟ್ಟ ಇಳಿದರೆ ನಾವು ಕನ್ನಡದವರು, ಚಾಮರಾಜನಗರಕ್ಕೆ ಹೋದರೆ ತಮಿಳುನಾಡಿನವರು. ಎಸ್ಲಿಂಗನ್ನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸರ್ಕಾರವು 1999ರಿಂದ ಬಹುಕಾಲ ಒಂದು ಜಾಹೀರಾತು ನಡೆಸಿತ್ತು. ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು, ಎಂಬುದು ಅದರ ಅರ್ಥ. ತಮ್ಮ ಆಡುನುಡಿಯನ್ನು ಮುಚ್ಚಿಡದೆ, ಅದನ್ನೇ ಮುಂದಿಟ್ಟುಕೊಂಡು ನಕ್ಕ ಜನರನ್ನು ನೋಡಿ, ನನ್ನ ಮಾತಿನ ತಾಳವಾಡಿ ಧಾಟಿಯ ಬಗ್ಗೆ ನನಗಿದ್ದ ಅಳುಕು ಬಹಳಮಟ್ಟಿಗೆ ಹೋಯಿತು.

ಕಷ್ಟದ ದಿನಗಳೂ ಇದ್ದವು. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರ ಮೇಲೆ ಸೂರ್ಯೋದಯ, ಸಂಜೆ ನಾಲ್ಕೂವರೆಗೆ ಕತ್ತಲೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕೊಠಡಿ ಬಾಡಿಗೆಗೆ ಕೇಳಿದಾಗ ನನ್ನ ಹೆಸರು ಕೇಳಿಯೇ ‘ಖಾಲಿಯಿಲ್ಲ’ ಎಂದವರುಂಟು. ಕೊನೆಗೆ ಸಿಕ್ಕ ಮನೆಯಲ್ಲಿ ‘ಕೇರ್‌ವೋಖೆ’ ಎಂಬ ಕಟ್ಟಳೆ. ಸರದಿಯ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಿ ತೊಳೆಯಬೇಕು. ಬಾಗಿಲಿಗೆ ಹಲಗೆ ತೂಗುಹಾಕಿದರೆ ಸರದಿ ನಮ್ಮದೆಂದು ತಿಳಿಯಬೇಕು. ನಮ್ಮ ಶಾಲೆಯಲ್ಲಿ ತರಗತಿ ಗುಡಿಸುವ ಪಾಳಿಯಂತೆಯೇ ಇದು. ನಾನು ತೊಳೆದ ಮೆಟ್ಟಿಲನ್ನು ನೋಡಿದ ಮೇಲೆ ಕೆಳಮನೆಯ ಅಜ್ಜಿ ನನ್ನೊಡನೆ ಮಾತನಾಡತೊಡಗಿದರು. ದೀಪಾವಳಿಯ ಸಮಯದಲ್ಲಿ ಗುಮಟಾಪುರದ ಗೊರೆಹಬ್ಬದ ಚಿತ್ರ ತೋರಿಸಿದಾಗ, ಜನ ಸಗಣಿಯಲ್ಲಿ ಹೊಡೆದಾಡುವುದನ್ನು ಕಂಡು ಕಾರ್ಖಾನೆಯವರು ಬೆರಗಾದರು. ಫೆಬ್ರವರಿಯಲ್ಲಿ ಅವರದೇ ‘ಫಾಸ್‌ನೆಟ್’ ಹಬ್ಬ ಬಂದಿತು. ಮರದ ಮುಖವಾಡ ತೊಟ್ಟು, ಮಾಟಗಾತಿಯರ ವೇಷ ಹಾಕಿ ಬೀದಿಯಲ್ಲಿ ಕುಣಿದರು. ಆಗ ಬೆರಗಾಗುವ ಸರದಿ ನನ್ನದು!

ಹೊರಡುವ ಮುನ್ನ ನಮ್ಮ ಕನ್ನಡ ಪಂಡಿತರು ಒಂದು ಮಾತು ಹೇಳಿದ್ದರು. 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗನ್ನಿನಲ್ಲಿ. ಅದೇ ನೆಕ್ಕರ್ ನದಿಯ ಮೇಲ್ದಂಡೆಯಲ್ಲಿರುವ ಟ್ಯೂಬಿಂಗನ್ನಿನಲ್ಲಿ 1903ರಲ್ಲಿ ಕಿಟೆಲ್ ತೀರಿಕೊಂಡರು. ಒಂದು ಭಾನುವಾರ ರೈಲಿನಲ್ಲಿ ಟ್ಯೂಬಿಂಗನ್ನಿಗೆ ಹೋಗಿ ನದಿಯ ಸೇತುವೆಯ ಮೇಲೆ ಬಹಳ ಹೊತ್ತು ನಿಂತೆನು. 1832ರಲ್ಲಿ ಹುಟ್ಟಿದ ಕಿಟೆಲ್ 1853ರಲ್ಲಿ ಧರ್ಮಪ್ರಚಾರದ ಕೆಲಸಕ್ಕೆಂದು ನಮ್ಮ ದೇಶಕ್ಕೆ ಬಂದಾಗ ಅವರಿಗೆ 21 ವರ್ಷ. ನನಗೂ ಆಗ ಅಷ್ಟೇ. ಅವರೂ ಗುರುತಿಲ್ಲದ ಊರಿನಲ್ಲಿ, ತಿಳಿಯದ ಭಾಷೆಯ ನಡುವೆ ಕೆಲಸಕ್ಕೆ ನಿಂತವರೇ. ಕೇಳಿದ ಶಬ್ದಗಳನ್ನು ಬರೆದುಕೊಳ್ಳುತ್ತ, ಹಳೆಯ ಗ್ರಂಥಗಳನ್ನು ಓದುತ್ತ ಹೋದರು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ದೇಶ ಸುತ್ತಲು ಹೋದ ನನಗೆ ಕೋಶದ ಬೆಲೆ ತಿಳಿದದ್ದು ಆ ಸೇತುವೆಯ ಮೇಲೆ.

ಫೆಬ್ರವರಿಯ ಕೊನೆಯ ವಾರ ಮೇಲ್ವಿಚಾರಕರ ಮುಂದೆ ವರದಿಯನ್ನು ಜರ್ಮನ್ ಭಾಷೆಯಲ್ಲಿಯೇ ವಿವರಿಸಿದೆನು. ವ್ಯಾಕರಣ ಸೊಟ್ಟಗಿತ್ತು, ಅಳತೆಗಳು ನೆಟ್ಟಗಿದ್ದವು. ವರದಿ ಒಪ್ಪಿಗೆಯಾಯಿತು. ಕುಲುಮೆಯಲ್ಲಿ ಚಕ್ರಗಳನ್ನು ಜೋಡಿಸುವ ಕ್ರಮದ ಬಗ್ಗೆ ನಾನು ಬರೆದಿದ್ದ ಸಲಹೆಯನ್ನು ಪರೀಕ್ಷಿಸಿ ನೋಡುವುದಾಗಿ ಮೈಸ್ಟರ್ ಹೇಳಿದರು. ಅಪ್ಪನ ಸಾಲ ಇನ್ನೂ ಪೂರ್ತಿ ತೀರಿಲ್ಲ, ಕಂತು ಕಟ್ಟುತ್ತಿದ್ದೇನೆ.

ಪ್ರಿಯ ವಿದ್ಯಾರ್ಥಿಗಳೇ, ಕನ್ನಡದಲ್ಲಿ ಓದಿದರೆ ಸಾಕು, ಬೇರೇನೂ ಬೇಡ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷನ್ನು ಕಷ್ಟಪಟ್ಟು ಕಲಿಯಿರಿ. ನಾಡಭಾಷೆಯಾದ ತಮಿಳನ್ನು ಪ್ರೀತಿಯಿಂದ ಕಲಿಯಿರಿ. ಆದರೆ ತರಗತಿಯಲ್ಲಿ ಆಮ್ಲಜನಕ, ಘರ್ಷಣೆ, ಸಾಂದ್ರತೆ ಎಂಬ ಶಬ್ದಗಳು ಬಂದಾಗ ಬಾಯಿಪಾಠ ಮಾಡಿ ಬಿಟ್ಟುಬಿಡಬೇಡಿ. ಅವುಗಳ ಒಳಗಿನ ಅರ್ಥವೇನೆಂದು ಗುರುಗಳನ್ನು ಕೇಳಿ ತಿಳಿಯಿರಿ. ಹೊರದೇಶದ ತರಬೇತಿಗೆ ಅರ್ಜಿ ಹಾಕುವ ಆಸೆಯಿರುವವರು ರಜೆಯಲ್ಲಿ ನಾನು ಊರಿಗೆ ಬಂದಾಗ ಬಂದು ಕಾಣಬಹುದು. ನನ್ನ ಟಿಪ್ಪಣಿ ಪುಸ್ತಕದ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅದರಲ್ಲಿ ಇನ್ನೂ ಖಾಲಿ ಹಾಳೆಗಳಿವೆ.

— ಶಾಲೆಯ ಹಳೆಯ ವಿದ್ಯಾರ್ಥಿ