ಕಾನಾಕ್‌ನ ನಾಯಿಬಂಡಿ

ಆ ಫೋಟೋ ನಿಮಗೂ ನೆನಪಿರಬೇಕು. 2019ರ ಜೂನ್ ತಿಂಗಳು. ಮುಂಗಾರು ತಡವಾಗಿ, ನಾವೆಲ್ಲ ಮೋಡ ನೋಡುತ್ತ ಕೂತಿದ್ದ ದಿನಗಳು. ಆಗ ನನ್ನ ಫೋನಿಗೆ ಒಂದು ಚಿತ್ರ ಬಂತು. ಎದುರಿಗೆ ಬೆಟ್ಟ, ಕೆಳಗೆಲ್ಲ ನೀಲಿ ನೀರು, ಆ ನೀರಿನ ಮೇಲೇ ಬಂಡಿ ಎಳೆಯುತ್ತಿರುವ ನಾಯಿಗಳು. ಕಳಿಸಿದವರು ಪವಾಡ ಅಂತ ಬರೆದಿದ್ದರು. ಇನ್ನೊಬ್ಬರು ಪ್ರಳಯ ಅಂದರು. ಎರಡೂ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ.

ಅದು ಗ್ರೀನ್‌ಲ್ಯಾಂಡಿನ ವಾಯುವ್ಯ ಮೂಲೆ, ಕಾನಾಕ್ ಊರಿನ ಬಳಿಯ ಇಂಗಲ್‌ಫೀಲ್ಡ್ ಕಡಲ ಸೀಳು. ಡೆನ್ಮಾರ್ಕಿನ ಹವಾಮಾನ ಸಂಸ್ಥೆಯ ಸ್ಟೆಫೆನ್ ಓಲ್ಸೆನ್ ಜೂನ್ 13ರಂದು ತೆಗೆದ ಚಿತ್ರ. ಕಡಲಿಗೆ ಇಳಿಬಿಟ್ಟಿದ್ದ ಅಳತೆಯ ಉಪಕರಣಗಳನ್ನೂ ಹವಾಮಾನ ಅಳೆಯುವ ಒಂದು ಕೇಂದ್ರವನ್ನೂ ವಾಪಸು ತರಲು ಅವರು ಹೊರಟಿದ್ದರು. ಹೋಗಿದ್ದು ಆ ಊರಿನ ಬೇಟೆಗಾರರ ನಾಯಿಬಂಡಿಯಲ್ಲಿ.

ಹಿಂದಿನ ದಿನ ಕಾನಾಕ್ ವಿಮಾನ ನಿಲ್ದಾಣದಲ್ಲಿ ಬಿಸಿಲು 17 ಡಿಗ್ರಿ ದಾಟಿತ್ತು. ನಮಗೆ ಅದು ಮಡಿಕೇರಿಯ ಚಳಿ, ಅವರಿಗೆ ಧಗೆ. ಹೆಪ್ಪುಗಟ್ಟಿದ ಕಡಲ ಮೇಲೆ ಬಿದ್ದಿದ್ದ ಹಿಮ ದಿಢೀರನೆ ಕರಗಿತು. ಅಲ್ಲಿನ ಹೆಪ್ಪು ದಪ್ಪ, ಅದರಲ್ಲಿ ಬಿರುಕು ಕಡಿಮೆ. ಕರಗಿದ ನೀರು ಕೆಳಗಿಳಿಯಲು ಕಂಡಿಯೇ ಇಲ್ಲ. ಹಾಗಾಗಿ ಮೇಲೇ ನಿಂತಿತು. ನೀರಿನಡಿ ಸುಮಾರು 1.2 ಮೀಟರ್ ಗಟ್ಟಿ ಮಂಜುಗಡ್ಡೆ ಇತ್ತು. ನಾಯಿಗಳು ಓಡುತ್ತಿದ್ದದ್ದು ಅದರ ಮೇಲೆ.

ನಾಯಿಗಳ ಸಂಗತಿ ನನಗೆ ತುಂಬ ಹಿಡಿಸಿತು. ಬಂಡಿನಾಯಿಗೆ ನೀರು ಕಂಡರಾಗದು. ಅದರ ಲೆಕ್ಕದಲ್ಲಿ ನೀರು ಅಂದರೆ ಬಿರುಕು, ಬಿರುಕು ಅಂದರೆ ಹಾರಬೇಕು. ಆದರೆ ಅಂದು ಸೆಕೆ ಎಷ್ಟಿತ್ತೆಂದರೆ, ಕಾಲು ತಂಪಾದದ್ದು ಅವಕ್ಕೆ ಖುಷಿಯಾಗಿದ್ದಿರಬೇಕು ಅಂತ ಓಲ್ಸೆನ್ ಆಮೇಲೆ ಹೇಳಿಕೊಂಡರು. ಅಲ್ಲಿ ನಾಯಿಗಳನ್ನು ಒಂದರ ಹಿಂದೊಂದು ಕಟ್ಟುವುದಿಲ್ಲ. ಒಂದೊಂದಕ್ಕೂ ಬೇರೆ ಹಗ್ಗ, ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡು ಓಡುತ್ತವೆ. ತೆಳು ಮಂಜಿನ ಮೇಲೆ ಭಾರವೆಲ್ಲ ಒಂದೇ ಕಡೆ ಬೀಳಬಾರದಲ್ಲ!

ಆದರೆ ಆ ದಿನಗಳಲ್ಲಿ ನಾನು ಓದಿದ ಸುದ್ದಿಗಳಲ್ಲಿ ಬಂಡಿ ನಡೆಸಿದವರ ಹೆಸರು ಕಾಣಲಿಲ್ಲ. ಇದು ನನಗೆ ಇಂದಿಗೂ ಕಿರಿಕಿರಿ. ಆ ಕಡಲನ್ನು ಅಳೆಯುವ ಕೆಲಸ ಸಾಗುವುದೇ ಅವರ ಬಂಡಿಯಿಂದ, ಅವರ ಕಣ್ಣಳತೆಯಿಂದ. ಎಲ್ಲಿ ಕಾಲಿಡಬಹುದು, ಎಲ್ಲಿ ಕೂಡದು ಎಂದು ಬಲ್ಲವರು ಅವರು. ಇನುಯಿಟ್ ಜನರಲ್ಲೇ ತೀರ ಉತ್ತರದಲ್ಲಿರುವ ಇನುಘುಯಿಟ್ ಇವರು. ಊರಿನಲ್ಲಿ ಸುಮಾರು ಆರುನೂರು ಜನ. ಚಳಿಗಾಲದಲ್ಲಿ ಮಂಜು ಕೊರೆದು ಹ್ಯಾಲಿಬಟ್ ಮೀನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಅದೇ ಕಡಲ ಸೀಳಿನಲ್ಲಿ ಕಯಾಕ್ ಏರಿ, ಈಟಿ ಹಿಡಿದು ನಾರ್ವಾಲ್ ತಿಮಿಂಗಿಲದ ಬೇಟೆ.

ಕಾನಾಕ್ ಕೂಡ ಅವರು ತಾವಾಗಿ ಆರಿಸಿಕೊಂಡ ಊರಲ್ಲ. 1953ರಲ್ಲಿ ಅಮೆರಿಕದ ಥುಲೆ ವಾಯುನೆಲೆಗೆ ಜಾಗ ಬೇಕೆಂದು ಡೆನ್ಮಾರ್ಕ್ ಸರ್ಕಾರ ಅವರನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ, ನೂರು ಕಿಲೋಮೀಟರಿಗೂ ಮೇಲೆ ಉತ್ತರಕ್ಕೆ ಸಾಗಹಾಕಿತು. 2003ರಲ್ಲಿ ಡೆನ್ಮಾರ್ಕಿನ ಸುಪ್ರೀಂ ಕೋರ್ಟು ಪರಿಹಾರದ ಹಣವನ್ನು ಒಪ್ಪಿತು, ಹಿಂತಿರುಗುವ ಹಕ್ಕನ್ನು ಕೊಡಲಿಲ್ಲ. ಹೀಗೆ ಎತ್ತಿ ಇಟ್ಟ ಜಾಗದಲ್ಲಿ ಬದುಕು ಕಟ್ಟಿಕೊಂಡರೆ, ಈಗ ಕಾಲಡಿಯ ಮಂಜೇ ಹೇಳದೆ ಕೇಳದೆ ನೀರಾಗುತ್ತಿದೆ.

ಚಿತ್ರದ ಜೊತೆ ಓಲ್ಸೆನ್ ನಾಲ್ಕು ಸಾಲು ಬರೆದಿದ್ದರು. ಗ್ರೀನ್‌ಲ್ಯಾಂಡಿನ ಜನ ಓಡಾಟಕ್ಕೆ, ಬೇಟೆಗೆ, ಮೀನಿಗೆ ಈ ಮಂಜನ್ನೇ ನಂಬಿದ್ದಾರೆ. ಇಂಥ ದಿಢೀರ್ ಕರಗುವಿಕೆಯನ್ನು ಮುಂಚಿತವಾಗಿ ಹೇಳುವ ಶಕ್ತಿ ನಮಗೆ ಹೆಚ್ಚಬೇಕು ಅಂತ. ನನಗೆ ಬಂದ ಫೋಟೋದಲ್ಲಿ ಆ ಸಾಲುಗಳಿರಲಿಲ್ಲ. ಯಾರೋ ಕತ್ತರಿಸಿ ಕಳಿಸಿದ್ದರು.