ಕನಕಾಂಬರದ ಪಾತಿಯ ಪಾಲುದಾರ

ಖಡಕಿಯ ನಮ್ಮ ಸರಕಾರಿ ಕ್ವಾರ್ಟರ್ಸಿನ ಮುಂದೆ ಹತ್ತಡಿ ಜಾಗವಿದೆ. ಊರಿನಿಂದ ತಂದ ಕನಕಾಂಬರ, ದುಂಡುಮಲ್ಲಿಗೆ, ಒಂದು ಕರಿಬೇವು, ಇಷ್ಟೇ ನನ್ನ ಜಹಗೀರು. ಅದಕ್ಕೊಬ್ಬ ಪಾಲುದಾರ. ಓಣಿಯ ಮರಾಠಿ ಹುಡುಗರಿಗೆ ಅವನು ‘ಕಾಳ್ಯಾ’, ಧಾರವಾಡದ ನಮ್ಮ ಅವ್ವನಿಗೆ ‘ಕರಿಯಾ’. ಎರಡಕ್ಕೂ ಬಾಲ ಅಲ್ಲಾಡಿಸುತ್ತಾನೆ.

ಕಳೆದ ಬೇಸಿಗೆಯಲ್ಲಿ ಅವನು ದಿನವೂ ಕನಕಾಂಬರದ ಪಾತಿ ಕೆದರಿ ಮಲಗತೊಡಗಿದ. ಒಂದು ಸಂಜೆ ಸಿಟ್ಟಿಗೆದ್ದು ಕೋಲು ಬೀಸಿದೆ. ಹೆದರಿ ಓಡುವಾಗ, ಅಡ್ಡ ಬಂದ ಮಗಳ ಕಾಲಿಗೆ ಅವನ ಹಲ್ಲು ತರಚಿತು. ಸಾಬೂನು ಹಚ್ಚಿ ಹದಿನೈದು ನಿಮಿಷ ನಲ್ಲಿಯ ಕೆಳಗೆ ತೊಳೆದು ದವಾಖಾನೆಗೆ ಓಡಿದೆವು. ಅಂದು ಮೊದಲ ಸೂಜಿ. ಮುಂದಿನವು 3, 7, 14, 28ನೆಯ ದಿನ. “ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ” ಎಂದರು ಡಾಕ್ಟರು.

ಓಡಿಸಿದವನೇ ಈಗ ಅವನ ದಾರಿ ಕಾಯಬೇಕಾಯಿತು! ಆಫೀಸಿನಿಂದ ಬಂದೊಡನೆ ಚಹಾ ಕೂಡ ಕುಡಿಯದೆ ಹುಡುಕುತ್ತಿದ್ದೆ. ನೆರೆಯವರು ದೂರ ಬಿಟ್ಟುಬರಲು ಹೇಳಿದರು. ಆದರೆ ಅವನ ಕಿವಿಯಲ್ಲಿ ಶಸ್ತ್ರಚಿಕಿತ್ಸೆಯ ಕಚ್ಚು ಗುರುತಿತ್ತು. ಅಂಥ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ನಿಯಮವೇ ಇದೆ.

“ಬಿ.ಎಸ್ಸಿ. ಓದೀಯಪ್ಪಾ, ಅದಕ್ಕ ಸೆಕೆ ಆಗ್ತದಂತ ತಿಳೀಲಿಲ್ಲೇನು?” ಎಂದಳು ಅವ್ವ. ನಿಜ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು. ನೀರುಂಡ ಪಾತಿಗಿಂತ ತಂಪಾದ ಹಾಸಿಗೆ ಅದಕ್ಕೆಲ್ಲಿ?

ಹತ್ತು ದಿನ ಕಳೆದವು. ಕರಿಯಾ ಗಟ್ಟಿಯಾಗಿಯೇ ಇದ್ದ. ಹನ್ನೊಂದನೆಯ ದಿನ ಕರಿಬೇವಿನ ನೆರಳಲ್ಲಿ ಬೇರೊಂದು ಗುಂಡಿ ತೋಡಿ ನೀರು ಚಿಮುಕಿಸಿದೆ. ಮೂಸಿ ನೋಡಿ ಮಲಗಿದ. ಕನಕಾಂಬರ ಚಿಗುರಿತು. ಮಗಳು ಮಾತ್ರ ಇನ್ನೂ ನನ್ನ ಕೈಯಲ್ಲಿ ಕೋಲು ಕಂಡರೆ ದೂರ ಸರಿಯುತ್ತಾಳೆ, ನಾಯಿಯನ್ನು ಕಂಡಲ್ಲ.